ಯುದ್ಧದ ಸಿನಿಮಾದಲ್ಲಿ ಮನೆಯವರೆಲ್ಲಿ?

ಮಾನ್ಯರೇ,

ಈಚಿನ ಯುದ್ಧದ ಸಿನಿಮಾಗಳಲ್ಲಿ ಗುಂಡಿನ ಸದ್ದೇ ಜಾಸ್ತಿ. ಸೈನಿಕನ ಹೆಂಡತಿಗೆ ಒಂದು ಹಾಡು, ಒಂದು ಫೋನ್ ಕರೆ, ಆಮೇಲೆ ಅಳು. ಅಷ್ಟೇ. ನಮ್ಮ ಕೊಡಗಿನ ಸೈನಿಕರ ಮನೆಗಳು ಹಾಗಿರುವುದಿಲ್ಲ. ಗಂಡ ಗಡಿಯಲ್ಲಿರುವಾಗ ಕಾಫಿ ಕೊಯ್ಲಿಗೆ ಆಳು ಹುಡುಕುವವಳು, ಕಣದಲ್ಲಿ ಹರಡಿದ ಕಾಫಿಗೆ ಮಳೆ ಬಂದರೆ ಓಡಿಹೋಗಿ ಟಾರ್ಪಾಲು ಎಳೆಯುವವಳು ಅವಳೇ. ಅತ್ತೆಯ ಬಿಪಿ ಮಾತ್ರೆ, ಮಕ್ಕಳ ಫೀಸು ಕೂಡ ಅವಳ ತಲೆಗೇ.

ನಮ್ಮ ಕೊಡಗಿನವರೇ ಆದ ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಅವರನ್ನೇ ನೋಡಿ. 1965ರ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು ವಾಪಸ್ ಬರಲಿಲ್ಲ. ತಮ್ಮ ಮಿಸ್ಟೇರ್ ವಿಮಾನದಿಂದ, ಅದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ಅನ್ನು ಹೊಡೆದುರುಳಿಸಿದ್ದರು. ಮರಣೋತ್ತರ ಮಹಾವೀರ ಚಕ್ರ ಬಂದದ್ದು 1988ರಲ್ಲಿ! ಆಕಾಶದ ಕಾದಾಟ ಕೆಲವೇ ನಿಮಿಷದ್ದು, ಮನ್ನಣೆಗೆ 23 ವರ್ಷ. ಅಷ್ಟು ವರ್ಷ ಮನೆಯವರು ಹೇಗೆ ಕಳೆದರು? ನಿಜವಾದ ಕಥೆ ಇರುವುದು ಅಲ್ಲೇ ಅಲ್ವಾ? (ಗ್ರಾಫಿಕ್ಸ್ ಖರ್ಚೂ ಉಳಿಯುತ್ತದೆ.)

ಶೂಟಿಂಗ್‌ಗೆ ಬರುವವರು ಮಂಜು, ಅಬ್ಬಿ ಜಲಪಾತ ತೋರಿಸಿ ಹೋಗುತ್ತಾರೆ. ಒಮ್ಮೆ ಮಡಿಕೇರಿಯ ಜನರಲ್ ತಿಮ್ಮಯ್ಯ ಮ್ಯೂಸಿಯಂ ನೋಡಲಿ. ಆಮೇಲೆ ಯಾರಾದರೂ ನಿವೃತ್ತ ಸುಬೇದಾರರ ಮನೆಯಾಕೆಯ ಹತ್ತಿರ ಅರ್ಧ ಗಂಟೆ ಕೂತು ಮಾತಾಡಲಿ.

– ಓದುಗರೊಬ್ಬರು, ಗೋಣಿಕೊಪ್ಪ