ನಮ್ಮ ಮನೆಯವರನ್ನು ಉಳಿಸಿಕೊಟ್ಟವರಿಗೆ

ನಮ್ಮ ಮನೆಯವರ ಹೃದಯದ ರಕ್ತನಾಳಗಳನ್ನು ಸ್ಕ್ಯಾನ್ ಮಾಡಿ ನೋಡಿದ ಸಿ.ಟಿ. ಆಂಜಿಯೋಗ್ರಾಂ ವರದಿ ಮೊನ್ನೆ ಬಂತು. 2015ರಲ್ಲಿ ಸ್ಟೆಂಟ್ (ನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ) ಹಾಕಿದ್ದ ರಕ್ತನಾಳ ಎಲ್ಲೂ ಕಿರಿದಾಗಿಲ್ಲ. ಸ್ಟೆಂಟ್ ಮಾತ್ರ ಅಲ್ಲಿಲ್ಲ, ಏಕೆಂದರೆ ಅದು ಕರಗುವ ಸ್ಟೆಂಟ್. ಅದರ ತುದಿಗಳನ್ನು ಗುರುತಿಸಲು ಇಟ್ಟಿದ್ದ ಪ್ಲಾಟಿನಂ ಚುಕ್ಕಿಗಳಷ್ಟೇ ಉಳಿದಿರುವುದನ್ನು ಡಾಕ್ಟರು ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಇಷ್ಟಾದ ಮೇಲೂ ಬಾಯಿ ತುಂಬ ಕೃತಜ್ಞತೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಮೊದಲ ನಮಸ್ಕಾರ ಬೆಂಗಳೂರಿನ ಆ ಹೃದ್ರೋಗ ತಜ್ಞರಿಗೆ. ಅಬ್ಸಾರ್ಬ್ ಎಂಬ ಆ ಸ್ಟೆಂಟ್ ಲೋಹದ್ದಲ್ಲ, ಪಾಲಿಲ್ಯಾಕ್ಟೈಡ್ ಎಂಬ ಕರಗುವ ಪ್ಲಾಸ್ಟಿಕ್ಕಿನದು. ನಾಳ ಗುಣವಾಗುವವರೆಗೆ ಅದನ್ನು ತೆರೆದು ಹಿಡಿದು, ಸುಮಾರು ಮೂರು ವರ್ಷಗಳಲ್ಲಿ ಲ್ಯಾಕ್ಟಿಕ್ ಆಮ್ಲವಾಗಿ ಒಡೆದು, ಕೊನೆಗೆ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ ಎಂದು ಬಿಡಿಸಿ ಹೇಳಿದ್ದರು. ಆದರೆ ನಾನು ಹೆಚ್ಚು ಋಣಿಯಾಗಿರುವುದು 2017ರಲ್ಲಿ ಅವರು ನಡೆದುಕೊಂಡ ರೀತಿಗೆ. ಲೋಹದ ಸ್ಟೆಂಟಿಗಿಂತ ಇದರಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚೆಂದು ಅಧ್ಯಯನಗಳಲ್ಲಿ ಕಂಡುಬಂದಿತ್ತು. ಆ ಸೆಪ್ಟೆಂಬರಿನಲ್ಲಿ ಮಾರಾಟವೂ ನಿಂತಿತು. ಸುದ್ದಿ ಕೇಳಿ ನನಗೆ ಕೈಕಾಲೇ ಆಡಲಿಲ್ಲ. ಡಾಕ್ಟರು ತಾವೇ ಫೋನ್ ಮಾಡಿ ಕರೆಸಿಕೊಂಡರು. ಅಪಾಯವನ್ನು ಮುಚ್ಚಿಡಲಿಲ್ಲ, ಹೆದರಿಸಲೂ ಇಲ್ಲ. ಹೊಸ ಲೋಹದ ಸ್ಟೆಂಟುಗಳಿಗಿಂತ ಇದರ ಎಳೆಗಳು ದಪ್ಪ, ಪೂರ್ತಿ ಕರಗುವವರೆಗೆ ಎಚ್ಚರ ಬೇಕು ಎಂದರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ತಾವು ಹೇಳುವವರೆಗೆ ಒಂದು ಹೊತ್ತೂ ತಪ್ಪಿಸಬಾರದೆಂದು ದಪ್ಪ ಅಕ್ಷರಗಳಲ್ಲಿ ಕನ್ನಡದಲ್ಲೇ ಬರೆದುಕೊಟ್ಟರು. ಆ ಚೀಟಿ ನಮ್ಮ ಅಡುಗೆಮನೆಯ ಕ್ಯಾಲೆಂಡರಿನ ಪಕ್ಕದಲ್ಲೇ ಇತ್ತು.

ಸ್ಟೆಂಟ್ ಹಾಕಿದ ಆಂಜಿಯೋಪ್ಲಾಸ್ಟಿಯ ದಿನವೇ ಮನೆಯಲ್ಲಿ ರೇಷ್ಮೆಹುಳು ಹಣ್ಣಾಗಿ, ಗೂಡು ಕಟ್ಟಲು ಸಿದ್ಧವಾಗಿತ್ತು. ನಮ್ಮ ಶಿಡ್ಲಘಟ್ಟದವರಿಗೆ ಇದನ್ನು ವಿವರಿಸಬೇಕಿಲ್ಲ: ಹೊತ್ತಿಗೆ ಸರಿಯಾಗಿ ಹುಳು ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡದಿದ್ದರೆ ಬೆಳೆಯೇ ಹೋಯಿತು. ಪಕ್ಕದ ಮನೆಯ ಅಕ್ಕ ಸೊಸೆಯಂದಿರನ್ನು ಕರೆದುಕೊಂಡು ಬಂದು, ರಾತ್ರಿಯಿಡೀ ಕುಳಿತು, ಹಣ್ಣಾದ ಹುಳುಗಳನ್ನು ಆಯ್ದಾಯ್ದು ಬಿಟ್ಟರು. ಗೂಡನ್ನು ಮಾರುಕಟ್ಟೆಗೆ ಒಯ್ದು, ಹರಾಜಿನ ದುಡ್ಡನ್ನು ರಸೀದಿ ಸಮೇತ ನನ್ನ ಕೈಗಿಟ್ಟವನು ಅವರ ಮಗ. ಅಕ್ಕಾ, ಕೂಲಿಯ ಮಾತೆತ್ತಿದ್ದಕ್ಕೆ ನೀವು ಬೈದಿದ್ದು ನನಗೆ ಮರೆಯುವಂಥದ್ದಲ್ಲ.

ರಾತ್ರಿ ಪಾಳಿಯ ನರ್ಸಮ್ಮನವರಿಗೂ ಶರಣು. ಗೂಡಿನ ಬೆಲೆ ಬಿದ್ದ ತಿಂಗಳುಗಳಲ್ಲೂ ಮಾತ್ರೆಗಳನ್ನು ಮುಂಚಿತವಾಗಿ ತರಿಸಿಟ್ಟು, ಸಾಲದ ಲೆಕ್ಕದಲ್ಲಿ ಕೊಟ್ಟ ಮೆಡಿಕಲ್ ಅಂಗಡಿಯ ಅಣ್ಣನವರೇ, ಆ ಮಾತ್ರೆ ಒಂದು ದಿನವೂ ತಪ್ಪಲಿಲ್ಲವೆಂದರೆ ಅದು ನಿಮ್ಮಿಂದ.

ಈ ಸಲದ ಗೂಡು ಬಿಡಿಸಿದ ಮೇಲೆ ನಮ್ಮಲ್ಲಿ ಒಬ್ಬಟ್ಟಿನ ಊಟ. ಎಲ್ಲರೂ ಬರಬೇಕು.