ಅಜ್ಜನ ಮನೆಗೆ ಬೀಗ ಹಾಕಿ ಕೊಳೆಸಬೇಡಿ

ಮಾನ್ಯ ಸಂಪಾದಕರೇ,

ಏಪ್ರಿಲ್ ಬಂತೆಂದರೆ ಪತ್ರಿಕೆಗಳ ತುಂಬ ಅಜ್ಜನ ಮನೆಯ ನೆನಪುಗಳು. ಜಗಲಿಯಲ್ಲಿ ಸಾಲಾಗಿ ಹಾಸಿದ ಚಾಪೆ, ಅಟ್ಟದಲ್ಲಿ ಹಣ್ಣಿಗೆ ಹಾಕಿದ ಮಾವು, ಹಂಡೆಯ ಬಿಸಿನೀರು. ಅದೇ ಹೊತ್ತಿಗೆ ತೀರ್ಥಹಳ್ಳಿ, ಸಾಗರ, ಸಿದ್ದಾಪುರ, ಶಿರಸಿ ಕಡೆ ಅಂಥ ಎಷ್ಟೋ ಮನೆಗಳ ಬಾಗಿಲಿಗೆ ಬೀಗ ಬಿದ್ದಿದೆ. ‘ನೆನಪಿಗೆಂದು ಇಟ್ಟುಕೊಂಡಿದ್ದೇವೆ’ ಎನ್ನುತ್ತಾರೆ ವಾರಸುದಾರರು. ಹೆಂಚಿನ ಮನೆ ಜನ ಓಡಾಡಿದರೆ ಉಳಿಯುತ್ತದೆ, ಬೀಗ ಹಾಕಿದರೆ ಉಳಿಯುವುದಿಲ್ಲ.

ಒಲೆ ಉರಿಯುತ್ತಿದ್ದಾಗ ಹೊಗೆ ಅಟ್ಟ ದಾಟಿ ಹೆಂಚಿನ ಸಂದಿಯಿಂದ ಹೊರಹೋಗುತ್ತಿತ್ತು. ಮರ ಒಣಗಿರುತ್ತಿತ್ತು, ಮಸಿ ಹಿಡಿದ ತೊಲೆ, ಮಾಡಿಗೆ ಇಳಿಜಾರಾಗಿ ಹಾಕಿದ ಪಕಾಸುಗಳಿಗೆ ಕುಟ್ಟೆಹುಳ ಸುಲಭಕ್ಕೆ ಬಾಯಿ ಹಾಕುತ್ತಿರಲಿಲ್ಲ. ಮುಚ್ಚಿದ ಮನೆಯಲ್ಲಿ ಮಳೆಗಾಲದ ತೇವಕ್ಕೆ ಹೊರಹೋಗುವ ದಾರಿಯೇ ಇಲ್ಲ. ದಿನವೂ ಕಸ ಗುಡಿಸುವವರಿದ್ದರೆ ಗೋಡೆ ಹತ್ತುವ ಒರಲೆಯ ಮಣ್ಣಿನ ಗೆರೆ ಬೇಗ ಕಣ್ಣಿಗೆ ಬೀಳುತ್ತದೆ. ಯಾರೂ ಇಲ್ಲದಿದ್ದರೆ ಗೊತ್ತಾಗುವುದು ತೊಲೆ ಟೊಳ್ಳಾದ ಮೇಲೆ.

ಕೇಡು ಹೆಚ್ಚಾಗಿ ಶುರುವಾಗುವುದು ಮಾಡಿನಿಂದ. ಮಂಗ ಹಾರಿ ಒಂದು ಹೆಂಚು ಸರಿದರೂ ಸಾಕು, ನೀರು ಪಕಾಸಿನ ಗುಂಟ ಇಳಿದು ಗೋಡೆಯ ಮೇಲೆ ಕೂತ ಅದರ ಬುಡದಲ್ಲಿ ನಿಲ್ಲುತ್ತದೆ. ಕೆಲವೇ ಮಳೆಗಾಲಗಳಲ್ಲಿ ಬುಡ ಕೊಳೆತು ಮಾಡು ತಗ್ಗುತ್ತದೆ, ಮಣ್ಣಿನ ಗೋಡೆಯ ನೆತ್ತಿ ಕರಗುತ್ತದೆ. ಹೀಗಾಗಿ ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸಲೇಬೇಕು, ಅಂದರೆ ಸರಿದದ್ದನ್ನು ಕೂರಿಸಿ, ಒಡೆದದ್ದನ್ನು ಬದಲಿಸಬೇಕು. ಕಾಲಿಡುವುದು ಎರಡು ಹೆಂಚು ಕೂಡುವ, ಅಡಿಯಲ್ಲಿ ಹೆಂಚು ಹೊರುವ ರೀಪು ಇರುವ ಜಾಗದಲ್ಲಿ ಮಾತ್ರ. ನಡುವೆ ಕಾಲಿಟ್ಟರೆ ಕೂದಲೆಳೆಯ ಬಿರುಕು ಬಿಟ್ಟು ಜುಲೈನಲ್ಲಿ ಸೋರುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದಾಗ ಖಣ್ ಎಂದರೆ ಗಟ್ಟಿ ಹೆಂಚು, ಸದ್ದು ಬೊದ್ದಾಗಿದ್ದರೆ ತೆಗೆದುಹಾಕಿ. ಎರಡು ಮಾಡು ಸೇರುವ ಕಡೆಯ ತಗಡಿನ ದೋಣಿಯಲ್ಲಿ ಕೂತ ತರಗೆಲೆಯನ್ನು ಕೈಹಾಕಿಯೇ ತೆಗೆಯಬೇಕು. ಅಲ್ಲಿ ನೀರು ಕಟ್ಟಿದರೆ ಹೆಂಚಿನ ಅಡಿಗೇ ನುಗ್ಗುತ್ತದೆ.

ಹೊಸ ಹೆಂಚು ತರುವವರು ಇನ್ನೊಂದು ವಿಷಯ ಗಮನಿಸಬೇಕು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ನಂತರ ಬೇರೆ ಬೇರೆ ಕಾರ್ಖಾನೆಗಳು ಹುಟ್ಟಿಕೊಂಡವು, ಅಚ್ಚುಗಳೂ ಬೇರೆ ಬೇರೆ. ಹೆಂಚಿನ ಮೈಮೇಲೆ ಒತ್ತಿದ ಕಾರ್ಖಾನೆಯ ಹೆಸರು ನೋಡಿ ಅದೇ ಹೆಂಚು ತನ್ನಿ. ಬೇರೆಯದಾದರೆ ಒಂದರ ಅಂಚಿನ ತೋಡಿಗೆ ಇನ್ನೊಂದು ಕೂರುವುದಿಲ್ಲ, ಸಂದಿಯಲ್ಲಿ ನೀರು ಇಳಿಯುತ್ತದೆ. ಊರಲ್ಲಿ ಯಾರಾದರೂ ಹಳೆಮನೆ ಕಿತ್ತರೆ ಹೊಂದುವಂಥ 50 ಹೆಂಚಾದರೂ ಕೊಂಡು ಒಟ್ಟಿಡಿ.

ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಬೇಡಿ. ನೆಲದಿಂದ ಏರಿದ ತೇವ ಗಿಲಾವಿನ ಹಿಂದೆ ಸಿಕ್ಕಿಕೊಂಡು ಮಣ್ಣು ಸಡಿಲವಾಗುತ್ತದೆ, ಗಿಲಾವು ಹಾಳೆಹಾಳೆಯಾಗಿ ಕಳಚುತ್ತದೆ. ಮಣ್ಣಿನ ಮೆತ್ತಿಗೆ, ಅದರ ಮೇಲೆ ತೆಳ್ಳಗೆ ಎರಡು ಸಲ ಸುಣ್ಣ ಸಾಕು. ಮರಕ್ಕೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆ ಒಳ್ಳೆಯದು. ಅದು ಚರ್ಮ ಸುಡುತ್ತದೆ, ಕೈಗವಸು ಹಾಕದೆ ಮುಟ್ಟಬಾರದು.

ಬಾವಿಯನ್ನೂ ಮರೆಯಬೇಡಿ. ಬಳಸದೆ ಬಿಟ್ಟ ಬಾವಿಯ ನೀರು ಎತ್ತಿ ಚೊಕ್ಕ ಮಾಡಿ, ಹೊಸ ನೀರು ಬಂದ ಮೇಲೆ 1,000 ಲೀಟರಿಗೆ 2.5 ಗ್ರಾಂನಂತೆ ಒಳ್ಳೆಯ ಬ್ಲೀಚಿಂಗ್ ಪೌಡರ್ ಹಾಕಿ. 2 ಮೀಟರ್ ಅಗಲದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್, ಅಂದರೆ 24 ಗ್ರಾಂ. ಬಕೆಟ್ಟಿನಲ್ಲಿ ಕಲಸಿ 10 ನಿಮಿಷ ಬಿಟ್ಟು, ಗಷ್ಟು ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಬಾವಿಗಿಳಿಸಿ ಕದಡಿ. ಒಂದು ತಾಸು ನೀರು ಸೇದಬೇಡಿ. ಹಳೆಯ ಪೌಡರಿನಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ಅದು ಉಪಯೋಗಕ್ಕೆ ಬಾರದು.

ಮನೆ ಹಿಂದೆ ಇದ್ದಂತೆಯೇ ಇರಬೇಕೆಂಬ ಹಟವನ್ನೂ ಬಿಡಬೇಕು. ಮಂಡಿನೋವಿನ ದೊಡ್ಡಮ್ಮ ಬಂದು ನಾಲ್ಕು ದಿನ ಉಳಿಯಬೇಕಾದರೆ ಕಮೋಡ್ ಬೇಕೇ ಬೇಕು. ಹಿತ್ತಿಲ ಕಡೆ, ಮಣ್ಣಿನ ಗೋಡೆಗೆ ತಾಗದಂತೆ ಬೇರೆಯಾಗಿ ಕಟ್ಟಿಸಿ. ಪೈಪು ಸೋರಿದರೂ ಗೋಡೆಗೆ ಅಪಾಯವಿಲ್ಲ. ಅಡುಗೆ ಗ್ಯಾಸಿನಲ್ಲೇ ಆಗಲಿ, ಬಚ್ಚಲ ಒಲೆಗೆ ಮಾತ್ರ ಸೌದೆ ಹಾಕಿ.

ಇಷ್ಟಾದರೂ ಮನೆಗಳು ಬೀಳುವುದು ಹಣವಿಲ್ಲದೆ ಅಲ್ಲ, ‘ಹಿಸ್ಸೆ ಆಗಲಿ, ಆಮೇಲೆ ನೋಡೋಣ’ ಎಂಬ ಮಾತಿನಿಂದ. ಆಸ್ತಿ ಪಾಲಾಗುವವರೆಗೂ ಮಳೆ ಕಾಯುವುದಿಲ್ಲ. ಯಾರು ಎಷ್ಟು ಖರ್ಚು ಮಾಡಿದರೆಂದು ಒಂದು ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿದರೆ ಈ ವರ್ಷದ ರಿಪೇರಿ ನಿಲ್ಲುವುದಿಲ್ಲ. ಹೆಣ್ಣುಮಕ್ಕಳನ್ನೂ ಕೇಳಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಅವರಿಗೂ ಸಮಪಾಲಿದೆ. ಅಲ್ಲದೆ ಅನೇಕರ ಪಾಲಿಗೆ ‘ಅಜ್ಜನ ಮನೆ’ ಎಂದರೆ ಅಮ್ಮನ ತವರೇ.

ಮನೆಯ ಹಿರಿಯರು ಇರುವಾಗಲೇ ಮಕ್ಕಳನ್ನು ಕರೆದುಕೊಂಡು ಹೋಗಿ. ತೊಲೆ ಯಾವ ಮರದ್ದು, ಬಾವಿಯ ಒರತೆ ಯಾವ ಕಡೆ, ಅಂಗಳದ ನೀರು ಹೋಗುವ ಕಾಲುವೆ ಎಲ್ಲಿ ಮುಚ್ಚಿಹೋಗಿದೆ ಎಂದು ಕೇಳಿ ತಿಳಿದುಕೊಳ್ಳಿ. ಹೆಂಚು ಕೈಯಾಡಿಸುವವರಿಗೆ ಯುಗಾದಿಗೇ ಹೇಳಿಡಿ, ಮೇ ಕೊನೆಯಲ್ಲಿ ಹುಡುಕಿದರೆ ಅವರು ಸಿಗುವುದಿಲ್ಲ.

— ಹಳೆಮನೆ ದುರಸ್ತಿಯ ಕೆಲಸದವರು, ಸಾಗರ ತಾಲ್ಲೂಕು