ಕೈಯಲ್ಲಿ ಹಿಡಿಯುವ ಡೈರಿಗೆ ಕನ್ನಡ ಬೇಕು

ಮಾನ್ಯರೇ,

ನಾನು ಬಸವನಗುಡಿ, ಜಯನಗರದ ಮನೆಗಳಿಗೆ ಹೋಗಿ ಸಂಗೀತ ಪಾಠ ಹೇಳುವವಳು. 2001ರಲ್ಲಿ ಎಸ್‌ಪಿ ರಸ್ತೆಯಲ್ಲಿ ಪಾಮ್ ಎಂ100 ಅನ್ನುವ ಅಂಗೈಯಗಲದ ಎಲೆಕ್ಟ್ರಾನಿಕ್ ಡೈರಿ ಕೊಂಡೆ. ಯಾವತ್ತು ಯಾರ ಮನೆ, ಯಾರ ಫೀಸು ಬಾಕಿ, ಎಲ್ಲಾ ಅದರಲ್ಲೇ. ಎರಡು ಸಣ್ಣ ಸೆಲ್ ಹಾಕಿದರೆ ವಾರಗಟ್ಟಲೆ ನಡೆಯುತ್ತಿತ್ತು. ಕಡ್ಡಿಯಲ್ಲಿ ಬರೆದದ್ದನ್ನು ಅದು ಓದಿಕೊಳ್ಳುತ್ತಿತ್ತು; ಇಂಗ್ಲಿಷ್ 'ಎ' ಬರೆಯುವಾಗ ನಡುವಿನ ಅಡ್ಡಗೀಟು ಬಿಡಬೇಕು. ಬೇಗನೆ ಕೈ ಕುದುರಿತು. ಆದರೆ ಮಾಯಾಮಾಳವಗೌಳ ರಾಗದ ಹೆಸರನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕಿತ್ತು!

ಒಮ್ಮೆ ಸೆಲ್ ಪೂರ್ತಿ ಮುಗಿದು ಎಲ್ಲಾ ಅಳಿಸಿಹೋಯಿತು. ಹಿಂದಿನ ದಿನ ಕಂಪ್ಯೂಟರಿಗೆ ನಕಲು (ಸಿಂಕ್) ಮಾಡಿದ್ದರಿಂದ ಬಚಾವಾದೆ. ಈಗಲೂ ಯಾವುದೇ ಸಾಧನ ಕೊಳ್ಳುವಾಗ ನಾನು ಮೊದಲು ಕೇಳುವುದು ಅದನ್ನೇ: ಬರೆದದ್ದನ್ನು ಹೊರಗೆ ತೆಗೆದಿಡಬಹುದಾ?

ನಮ್ಮ ಊರಿನಲ್ಲೇ, ಐಐಎಸ್‌ಸಿ ಪ್ರಾಧ್ಯಾಪಕರೂ ಸೇರಿ ರೂಪಿಸಿದ ಸಿಂಪ್ಯೂಟರ್ ಅನ್ನುವ ಅಂಗೈ ಕಂಪ್ಯೂಟರ್ 2004ರಲ್ಲಿ ಮಾರಾಟಕ್ಕೆ ಬಂತು. ಅದರಲ್ಲಿ ಕನ್ನಡ ಇತ್ತು. ಅದು ಉಳಿಯಲಿಲ್ಲ ಅನ್ನುವುದು ನನಗೆ ಇವತ್ತಿಗೂ ಬೇಸರ.

ಈಗ ಫೋನಿನಲ್ಲಿ ಕನ್ನಡ ಇದೆ, ನಿಜ. ಆದರೆ ಪಾಠದ ಮಧ್ಯೆ ದಿನಾಂಕ ನೋಡೋಣ ಅಂತ ತೆಗೆದರೆ ಹತ್ತು ಮೆಸೇಜು ಎದುರಿಗೆ ಬರುತ್ತವೆ. ಮಕ್ಕಳ ಗಮನವೂ ಹೋಗುತ್ತದೆ. ದಿನಚರಿ, ವಿಳಾಸ, ಲೆಕ್ಕ ಇಷ್ಟೇ ಇರುವ, ಕನ್ನಡದಲ್ಲಿ ಕೈಬರಹ ಓದುವ ಪುಟ್ಟ ಸಾಧನವೊಂದನ್ನು ಬೆಂಗಳೂರಿನ ಎಂಜಿನಿಯರುಗಳು ಮಾಡಿಕೊಡಲಿ. ಮೊದಲು ಕೊಳ್ಳುವವಳು ನಾನೇ.

– ಸಂಗೀತ ಶಿಕ್ಷಕಿ, ತ್ಯಾಗರಾಜನಗರ, ಬೆಂಗಳೂರು